ಕಾಶವ್ವನ ಗೋಡೆ ಒಡೆದು ಬಂದ ಎಂಜಿನ್ನು

ನಿವೃತ್ತ ಡೀಸೆಲ್ ರೈಲು ಎಂಜಿನ್ನುಗಳ ವಿಲೇವಾರಿಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಎಂಜಿನ್ನಿನ ಮೂಗು ನಮ್ಮ ಚಾಳಿನ ಕೊನೆಯ ಖೋಲಿಯೊಳಗಿದೆ. ಕಳೆದ ಮಳೆಗಾಲದಲ್ಲಿ ಗೋಡೆ ಒಡೆದುಕೊಂಡು ಒಳಗೆ ಬಂದದ್ದು ಇನ್ನೂ ಹೊರಗೆ ಹೋಗಿಲ್ಲ. ಈಗ ಮತ್ತೊಂದು ಮಳೆಗಾಲ ಬಂದು ನಿಂತಿದೆ. ಈ ವಾರ ನಿಮ್ಮ ಕಚೇರಿಯವರು ಬಂದರು. ಕ್ರೇನ್ ತಂದಿದ್ದಾರೆಂದುಕೊಂಡು ನಾವೆಲ್ಲ ಓಡಿಹೋದೆವು. ಅವರು ತಂದದ್ದು ಅಂಟು ಮತ್ತು ಒಂದು ನೋಟೀಸು. ಮರಾಠಿಯಲ್ಲಿದ್ದ ಅದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಸದರಿ ಎಂಜಿನ್ನು ಸಂರಕ್ಷಣೆಯ ಪರಿಶೀಲನೆಯಲ್ಲಿ ಇರುವುದರಿಂದ, ಅಕ್ಕಪಕ್ಕದ ನಿವಾಸಿಗಳು ಅದರಿಂದ ಸುರಕ್ಷಿತ ಅಂತರದಲ್ಲಿ ಇರತಕ್ಕದ್ದು."

ಮಾನ್ಯರೇ, ಅಂತರ ಕಾಯ್ದುಕೊಳ್ಳದೆ ಮನೆಯೊಳಗೆ ನುಗ್ಗಿದವರು ಯಾರು? ನಾವು ಹೋಗಿ ನಿಮ್ಮ ಎಂಜಿನ್ನಿಗೆ ಡಿಕ್ಕಿ ಹೊಡೆದೆವೇ? ನಮ್ಮ ಚಾಳಿನ ಒಂದು ಬದಿಗೆ ಹಳೆಯ ಕಾರ್ಖಾನೆಯ ಕಾಂಪೌಂಡು, ಇನ್ನೊಂದು ಬದಿಗೆ ಲೋಕಲ್ ಓಡುವ ಹಳಿ, ಮುಂದೆ ಗಟಾರ. ಸುರಕ್ಷಿತ ಅಂತರವನ್ನು ಇದರೊಳಗೆ ಎಲ್ಲಿಂದ ಅಳೆಯಬೇಕೆಂದು ನೋಟೀಸು ಹೇಳುವುದಿಲ್ಲ.

ನಾನು ಯಾರೆಂದು ಮೊದಲು ಹೇಳಬೇಕು. ನನ್ನ ಹೆಸರು ಶೀಲಾವತಿ. ಊರು ಉಡುಪಿ ಹತ್ತಿರದ ಕಟಪಾಡಿ. ಇಲ್ಲಿ ಭಾಂಡುಪಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ನನ್ನ ಗಂಡ ಕೊರಗಪ್ಪ ಈ ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆ ಮುಚ್ಚಿತು, ಅವರೂ ಹೋದರು, ಕಾರ್ಮಿಕರಿಗೆಂದು ಕಟ್ಟಿದ ಚಾಳು ಮಾತ್ರ ಉಳಿಯಿತು. ಅದರಲ್ಲಿ ನಾನೂ ನನ್ನ ಮಗಳು ನಿಶ್ಮಿತಾಳೂ ಉಳಿದಿದ್ದೇವೆ. ಅವಳು ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಸದ್ದು ಕೂಡಿಸುವ ಕೆಲಸ ಮಾಡುತ್ತಾಳೆ. ಈ ಪತ್ರ ಕನ್ನಡದಲ್ಲಿ ಏಕೆ ಎಂದು ನೀವು ಕೇಳಬಹುದು. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರೆದವೆಲ್ಲ ಈಗಾಗಲೇ ನಿಮ್ಮ ಮೇಜಿನ ಮೇಲಿವೆ. ಯಾವ ಭಾಷೆಯೂ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ. ಇನ್ನು ನನಗೆ ಉಳಿದದ್ದು ನಾಲ್ಕು ಜನ ಓದುವ ಹಾಗೆ ಬಹಿರಂಗವಾಗಿ ಬರೆಯುವುದು. ನಾನು ಹೆದರುವುದು ತುಳುವಿನಲ್ಲಿ, ಬರೆಯುವುದು ಕನ್ನಡದಲ್ಲಿ.

ನಿಮ್ಮ ಎಂಜಿನ್ನು ಬಂದದ್ದು ಕಳೆದ ಮಳೆಗಾಲಕ್ಕೂ ಹಿಂದಿನ ಚಳಿಗಾಲದಲ್ಲಿ. ಕಾರ್ಖಾನೆಗೆ ಸರಕು ತರಲೆಂದು ಹಿಂದೆ ಹಾಕಿದ್ದ ಒಂದು ಹಳಿ ಇಂದಿಗೂ ಹುಲ್ಲಿನಡಿ ಇದೆ. ಕಾಂಪೌಂಡಿನ ಗೇಟಿನಿಂದ ನಮ್ಮ ಚಾಳಿನ ಕಡೆಗೆ ಅದು ಸಣ್ಣಗೆ ಇಳಿಯುತ್ತ ಬರುತ್ತದೆ. ಆ ಇಳುಕಲು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳು ಚೆಂಡು ಬಿಟ್ಟರೆ ಗೊತ್ತಾಗುತ್ತದೆ. ಆ ಹಳಿಯ ಮೇಲೆ ಪ್ಯಾಸೆಂಜರ್ ಗಾಡಿಗಳನ್ನು ಎಳೆದು ದಣಿದ ಒಂದು ಡೀಸೆಲ್ ಎಂಜಿನ್ನನ್ನು ತಂದು ನಿಲ್ಲಿಸಿದರು. ಎಲ್ಲ ಕಡೆ ವಿದ್ಯುತ್ ತಂತಿ ಬಂದಿದೆ, ಇನ್ನು ಇವುಗಳ ಕಾಲ ಮುಗಿಯಿತು, ಗುತ್ತಿಗೆದಾರರಿಗೆ ಮಾರಿಯಾಗಿದೆ, ಇಲ್ಲೇ ಕತ್ತರಿಸಿ ಗುಜರಿಗೆ ಒಯ್ಯುತ್ತಾರೆ ಎಂದರು.

ನಿಜ ಹೇಳುತ್ತೇನೆ, ಅದನ್ನು ಕಂಡು ನನಗೆ ಸಂತೋಷವಾಗಿತ್ತು. ಪ್ರತಿ ಮೇ ತಿಂಗಳಲ್ಲಿ ನಮ್ಮನ್ನು ಕೊಂಕಣದ ಸುರಂಗಗಳನ್ನು ದಾಟಿಸಿ ಉಡುಪಿಗೆ ಮುಟ್ಟಿಸುತ್ತಿದ್ದದ್ದು ಇಂಥದೇ ಎಂಜಿನ್ನು. ಸುರಂಗ ಬಂದಾಗ ಡೀಸೆಲ್ ಹೊಗೆ ಒಳಗೆ ನುಗ್ಗಿ ಪುಟ್ಟ ನಿಶ್ಮಿತಾ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಬೆಳಕು ಬಂದ ಕೂಡಲೇ ಮತ್ತೆ ಕಿಟಕಿಗೆ ಓಡುತ್ತಿದ್ದಳು. ಎಂಜಿನ್ನು ಬಂದ ದಿನ ಸ್ಟುಡಿಯೋದಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಎಂಜಿನ್ನಿನ ಹತ್ತಿರ ಹೋದಳು. ಅದರ ಮೈಗೆ ಕಿವಿ ಇಟ್ಟು ತಟ್ಟಿದಳು. "ಅಮ್ಮ, ಒಳಗೆ ಇನ್ನೂ ಎಕೋ ಉಂಟು. ಇದನ್ನು ಕಟ್ ಮಾಡ್ತಾರಾ? ಪಾಗಲ್ ಹೈ ಕ್ಯಾ ಯೇ ಲೋಗ್?" ಎಂದಳು.

ಕೆಲವೇ ದಿನಗಳಲ್ಲಿ ಕತ್ತರಿಸುವವರು ಬಂದರು. ಮಾನ್ಯರೇ, ಅವರು ಮೊದಲು ಏನು ಬಿಚ್ಚಿದರು ಗೊತ್ತೇ? ಸುಲಭವಾಗಿ ಕೈಗೆ ಸಿಗುವುದನ್ನು: ಒಳಗಿನ ತಾಮ್ರ, ಬ್ಯಾಟರಿ, ಆಮೇಲೆ ಚಕ್ರಗಳ ಹತ್ತಿರದ ಬ್ರೇಕಿನ ಸಾಮಾನು ಪೂರ್ತಿ. ಬ್ರೇಕಿಲ್ಲದ ಎಂಜಿನ್ನನ್ನು ನಿಲ್ಲಿಸಲು ಚಕ್ರಗಳಡಿ ಮರದ ಗೂಟಗಳನ್ನು ತುರುಕಿದರು, ಒಂದು ಸರಪಳಿಯನ್ನು ಗೇಟಿನ ಹಳೆಯ ಕಂಬಕ್ಕೆ ಬಿಗಿದರು. ಹೇಗೂ ನಾಲ್ಕು ದಿನದಲ್ಲಿ ತುಂಡು ತುಂಡಾಗುವ ವಸ್ತು, ಅಷ್ಟು ಸಾಕು ಎಂಬುದು ಅವರ ಲೆಕ್ಕ.

ಆ ನಾಲ್ಕು ದಿನ ಬರಲೇ ಇಲ್ಲ. ನಿಶ್ಮಿತಾ ಮತ್ತು ರೈಲುಗಳ ಹುಚ್ಚಿರುವ ಅವಳ ಗೆಳೆಯರು ಸೇರಿ, ಈ ಜಾತಿಯ ಎಂಜಿನ್ನುಗಳಲ್ಲಿ ಒಂದನ್ನಾದರೂ ಈ ನಗರದಲ್ಲಿ ಉಳಿಸಿ ಎಂದು ನಿಮಗೆ ಮನವಿ ಕೊಟ್ಟರು. ನೀವು ಓದಿದಿರಿ. ಅಪರೂಪಕ್ಕೆ ಓದಿದಿರಿ! ಓದಿ ಒಂದು ಆದೇಶ ಹೊರಡಿಸಿದಿರಿ: ಸಂರಕ್ಷಣೆಯ ವಿಷಯ ತೀರ್ಮಾನವಾಗುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳುವುದು. ಕತ್ತರಿಸುವವರು ತಮ್ಮ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋದರು. ಗೆಳೆಯರು ಎಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಎಲ್ಲರಿಗೂ ಶೀರಾ ಮಾಡಿ ಹಂಚಿದೆ.

ಯಥಾಸ್ಥಿತಿ ಎಂದರೆ ಇದ್ದದ್ದು ಇದ್ದ ಹಾಗೆ ಎಂದು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಬ್ರೇಕ್ ಬಿಚ್ಚಿಟ್ಟ, ನೂರು ಟನ್ನಿಗೂ ಹೆಚ್ಚು ತೂಕದ ವಸ್ತುವೊಂದು ಇಳುಕಲಿನಲ್ಲಿ ಇದ್ದ ಹಾಗೆಯೇ ಇರುತ್ತದೆಂದು ನಿಮಗೆ ಯಾರು ಹೇಳಿಕೊಟ್ಟರು? ಕತ್ತರಿಸುವುದನ್ನು ನಿಲ್ಲಿಸಿದವರು ಬಿಚ್ಚಿದ ಬ್ರೇಕನ್ನು ತಿರುಗಿ ಹಾಕಿಸಬೇಕೆಂದು ಒಂದು ಸಾಲು ಬರೆಯಲಿಲ್ಲ ಏಕೆ?

ಇದನ್ನು ಮೊದಲು ಕಂಡದ್ದು ಕಾಶವ್ವ. ಹಳಿ ಮುಗಿಯುವಲ್ಲಿ ಒಂದು ಮಣ್ಣಿನ ದಿಬ್ಬ, ದಿಬ್ಬದಾಚೆ ಚಾಳಿನ ಕೊನೆಯ ಖೋಲಿ. ಅದು ಕಾಶವ್ವ ಮತ್ತು ಬಂಡೆಪ್ಪನದು. ಸಿಂದಗಿ ಕಡೆಯವರು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಒಂದು ಸಂಜೆ ಅವಳು ನನ್ನ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕೋರ, ಸ್ವಲ್ಪ ಬರ್ರಿ. ಆ ಎಂಜಿನ್ನು ಸರದೈತಿ ಅನಸ್ತದ್ರಿ."

"ಎಂಥದು ಸರಿಯುವುದು ಕಾಶವ್ವ? ಸರಪಳಿ ಉಂಟಲ್ಲ?"

"ಸರಪಳಿ ಮೊದಲ ಜೋತಬಿದ್ದಿತ್ತ್ರಿ. ಈಗ ಬಿಗದ ನಿಂತೈತಿ, ತಂತಿ ಬಿಗದಂಗ. ನೋಡ್ ಬರ್ರಿ."

ಹೋಗಿ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ಒಂದು ಫಾಸ್ಟ್ ಲೋಕಲ್ ಹೋಯಿತು. ನೆಲ ಅದುರಿತು. ಗೂಟವೊಂದು ಕಿರ್ ಎಂದಿತು. ಅಂದಿನಿಂದ, ಮಾನ್ಯರೇ, ಹೆದರಿಕೆ ನನ್ನ ಜೊತೆಗೇ ಇದೆ. ಈ ನಗರದಲ್ಲಿ ಲೋಕಲ್ ಗಾಡಿಗಳು ಎಷ್ಟು ಓಡುತ್ತವೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪ್ರತಿ ಗಾಡಿ ಹೋದಾಗಲೂ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಒಗ್ಗರಣೆ ಸೀದುಹೋಗುತ್ತಿತ್ತು. ಸ್ನಾನಕ್ಕೆ ಹೋದರೆ ನೀರಿನ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲವೆಂದು ನಲ್ಲಿ ಮುಚ್ಚಿ ಮುಚ್ಚಿ ಮೈ ತೊಳೆಯುತ್ತಿದ್ದೆ.

ನಿಮ್ಮ ಕಚೇರಿಗೂ ಬಂದೆ. ನೀವು ಸಿಗಲಿಲ್ಲ, ಸಭೆಯಲ್ಲಿದ್ದಿರಂತೆ. ನಿಮ್ಮ ಗುಮಾಸ್ತರೊಬ್ಬರು ನಕ್ಕರು. "ಮ್ಯಾಡಮ್, ವೋ ಇಂಜಿನ್ ತೋ ಡೆಡ್ ಹೈ. ಮರಾ ಹುವಾ ಚೀಜ್ ಚಲ್ತಾ ಹೈ ಕ್ಯಾ?" ಎಂದರು. ಸತ್ತದ್ದು ನಡೆಯುತ್ತದೆಯೇ ಎಂದು ನನ್ನನ್ನೇ ಕೇಳಿದರು! ಸತ್ತದ್ದಕ್ಕೂ ತೂಕವಿರುತ್ತದಲ್ಲ ಸ್ವಾಮಿ ಎಂದೆ. ಮಾರಾಟವಾದ ಎಂಜಿನ್ನು ಇಲಾಖೆಯದಲ್ಲ, ಗುತ್ತಿಗೆದಾರರನ್ನು ಕೇಳಿ ಎಂದರು. ಗುತ್ತಿಗೆದಾರರು, ಇಲಾಖೆಯ ಆದೇಶವಿದೆ, ಅದನ್ನು ಮುಟ್ಟಿದರೆ ನಾವು ಒಳಗೆ ಹೋಗುತ್ತೇವೆ ಎಂದರು. ನಿಶ್ಮಿತಾಳ ಗೆಳೆಯರ ಸಮಿತಿಯನ್ನು ಕೇಳಿದರೆ, "ಆಂಟಿ, ನಾವು ಅವೇರ್‌ನೆಸ್ ಮಾಡುವವರು, ಟೆಕ್ನಿಕಲ್ ಅಲ್ಲ" ಎಂದರು. ಮಾರಿದವರದಲ್ಲ, ಕೊಂಡವರದಲ್ಲ, ಪ್ರೀತಿಸುವವರದೂ ಅಲ್ಲ. ಹಾಗಾದರೆ ಆ ಎಂಜಿನ್ನು ಯಾರದು? ಅದರ ಎದುರಿಗೆ ಮನೆ ಇದ್ದ ತಪ್ಪಿಗೆ ಕಾಶವ್ವನದೇ?

ಮನೆಯಲ್ಲೂ ಜಗಳವಾಯಿತು. "ಆ ಗುಜರಿಯನ್ನು ಕಡಿಯಲು ಬಂದವರನ್ನು ನೀನೇ ಓಡಿಸಿದ್ದು" ಎಂದು ಮಗಳಿಗೆ ಹೇಳಿದೆ. ಅವಳು ತಟ್ಟೆ ಬಿಟ್ಟು ಎದ್ದಳು. "ಅದು ಗುಜರಿ ಅಲ್ಲಮ್ಮ. ಒಮ್ಮೆ ಕಟ್ ಆದ್ರೆ ಫಿರ್ ಕಭೀ ನಹೀ ಬನೇಗಾ. ನಾನು ಸೇಫ್ಟಿ ಬಗ್ಗೆ ಅವರ ಆಫೀಸಿಗೆ ಮೇಲ್ ಕಳಿಸಿದ್ದೇನೆ. ರಿಪ್ಲೈ ಬರ್ತದೆ" ಎಂದಳು. ರಿಪ್ಲೈ ಬಂತೇ ಮಾನ್ಯರೇ? ನೀವೇ ಹೇಳಬೇಕು.

ಜುಲೈಯಲ್ಲಿ ಒಂದು ದಿನ ಮಳೆ ಬೆಳಗಿನಿಂದ ಬಿಡದೆ ಹೊಡೆಯಿತು. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆಯಿತು. ನಿಶ್ಮಿತಾ ಸ್ಟೇಷನ್ನಿನಿಂದ ತಿರುಗಿ ಬಂದಳು. ಗಾಡಿಗಳು ನಿಂತ ಕಾರಣ ನೆಲ ಅದುರುವುದೂ ನಿಂತಿತ್ತು. ಎಷ್ಟೋ ತಿಂಗಳ ಮೇಲೆ ನಾನು ನಿಶ್ಚಿಂತೆಯಿಂದ ಗಂಜಿಗೆ ಇಟ್ಟೆ. ಬಂಡೆಪ್ಪ ಹಿಂದಿನ ವಾರ ಮುಲುಂಡಿನ ಕಟ್ಟಡವೊಂದರಲ್ಲಿ ಸಾರುವೆಯಿಂದ ಬಿದ್ದು, ಸೊಂಟದವರೆಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಖೋಲಿಯಲ್ಲಿ ಮಲಗಿದ್ದ. ಕಾಶವ್ವ ನಳದ ಹತ್ತಿರ ಅವನ ಬಟ್ಟೆ ಒಗೆಯುತ್ತಿದ್ದಳು. ಅವಳ ಕೂಗು ಕೇಳಿಸಿತು.

"ಅಕ್ಕೋರ! ಗೂಟ ತೇಲಿ ಹೊಂಟಾವ್ರೀ!"

ಗಟಾರದ ನೀರು ಉಕ್ಕಿ ಕಾಂಪೌಂಡಿನೊಳಗೆ ಬಂದಿತ್ತು. ಚಕ್ರದಡಿಯ ಮರದ ಗೂಟಗಳು ನೀರಿಗೆ ಸಡಿಲಗೊಂಡು ಒಂದೊಂದಾಗಿ ತೇಲಿಕೊಂಡು ಚಾಳಿನ ಕಡೆ ಬರುತ್ತಿದ್ದವು. ಎಂಜಿನ್ನು ನಿಂತಲ್ಲೇ ನಿಂತಿತ್ತು. ಸರಪಳಿಯೊಂದೇ ಅದನ್ನು ಹಿಡಿದಿತ್ತು. ಆಮೇಲೆ ಗೇಟಿನ ಕಂಬ ನಿಧಾನವಾಗಿ ಬಾಗಿ ಬುಡಸಮೇತ ಎದ್ದು ಬಂತು. ಸಿಡಿಲಿನಂಥ ಸದ್ದಾಗುತ್ತದೆಂದು ನಾನು ಎಣಿಸಿದ್ದೆ. ಸದ್ದೇ ಇರಲಿಲ್ಲ, ಮಾನ್ಯರೇ. ಇಂದಿಗೂ ನನ್ನನ್ನು ಹೆದರಿಸುವುದು ಅದೇ. ಅಷ್ಟು ದೊಡ್ಡ ವಸ್ತು, ನಮ್ಮ ಮಾಳಿಗೆಗಿಂತ ಎತ್ತರದ್ದು, ಮಳೆಯಲ್ಲಿ ತೊಯ್ಯುತ್ತ, ಯಾರೂ ಓಡಿಸದೆ, ಮೆಲ್ಲಗೆ ನಮ್ಮ ಕಡೆ ಬರತೊಡಗಿತು.

ಕಾಶವ್ವ ಕೈಯಲ್ಲಿದ್ದ ಬಟ್ಟೆ ಎಸೆದು ಖೋಲಿಗೆ ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ನಿಶ್ಮಿತಾ. ಒಳಗೆ ಬಂಡೆಪ್ಪ ಗೋಡೆಯ ಬದಿಗೆ ತಲೆ ಹಾಕಿ ಮಲಗಿದ್ದ. ನಮ್ಮ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಬಂತೇನು?" ಎಂದ.

"ಬಂತು. ಚಾದರ ಹಿಡಕೋ" ಎಂದಳು ಕಾಶವ್ವ.

ಚಾದರ ಸಮೇತ ಅವನನ್ನು ಬಾಗಿಲಿಗೆ ಎಳೆದೆವು. ಪ್ಲಾಸ್ಟರ್ ಹಾಕಿದ ಕಾಲು ಮಡಚುವುದಿಲ್ಲ. ಚಾಳಿನ ಬಾಗಿಲು ಎಷ್ಟು ಅಗಲವಿರುತ್ತದೆ ನಿಮಗೆ ಗೊತ್ತಿರಲಿಕ್ಕಿಲ್ಲ. ಕಾಲು ಚೌಕಟ್ಟಿಗೆ ಅಡ್ಡ ಸಿಕ್ಕಿತು. ಆಗ ದಿಬ್ಬಕ್ಕೆ ಎಂಜಿನ್ನು ತಾಗಿತು. ಹಲಗೆಯ ಮೇಲಿನ ಸ್ಟೀಲ್ ಲೋಟ ಒಂದು ಬಿತ್ತು, ಆಮೇಲೆ ಡಬ್ಬಿಗಳು. ಗೋಡೆ ಹೊಟ್ಟೆ ಬಂದ ಹಾಗೆ ಒಳಗೆ ಉಬ್ಬಿತು. ನಿಶ್ಮಿತಾ ನಮ್ಮನ್ನು ದಾಟಿ ಒಳಗೆ ಹಾರಿ, ಅವನ ಕಾಲನ್ನು ಎರಡೂ ಕೈಯಿಂದ ಎತ್ತಿ ಓರೆ ಮಾಡಿದಳು. "ಖೀಂಚೋ! ಅಮ್ಮ, ಎಳಿ!" ಎಂದು ಕಿರುಚಿದಳು. ಎಳೆದೆವು. ಬಂಡೆಪ್ಪ ಹೊರಗೆ ಬಂದ. ಗೋಡೆ ಬಿತ್ತು. ನಿಶ್ಮಿತಾ ಹೊಸ್ತಿಲಿನ ಮೇಲಿದ್ದಳು, ಅವಳ ಬಲಗೈ ಇನ್ನೂ ಒಳಗಿತ್ತು.

ಧೂಳು ಮಳೆಗೆ ಕರಗಿದ ಮೇಲೆ ನೋಡಿದರೆ, ಕಾಶವ್ವನ ಒಲೆ ಇದ್ದ ಜಾಗದಲ್ಲಿ ಎಂಜಿನ್ನಿನ ಮುಖ ಇತ್ತು. ಮುಂದಿನ ಚಕ್ರಗಳು ಹಳಿ ತಪ್ಪಿ ಕೆಸರಿನಲ್ಲಿ ಹೂತುಕೊಂಡಿದ್ದವು. ಅಷ್ಟಕ್ಕೆ ಅದು ನಿಂತಿತು. ನಿಲ್ಲಿಸಿದ್ದು ಕೆಸರು, ಮಾನ್ಯರೇ, ನಿಮ್ಮ ಇಲಾಖೆಯಲ್ಲ.

ನೀರಿನಲ್ಲಿ ರಿಕ್ಷಾ ಬರಲಿಲ್ಲ. ನಿಶ್ಮಿತಾಳ ಕೈಗೆ ನನ್ನ ಸೀರೆ ಸುತ್ತಿ, ಅವಳನ್ನು ನಡೆಸಿಕೊಂಡು ಆಸ್ಪತ್ರೆಗೆ ಹೋದೆ. ಅವಳು ದಾರಿಯುದ್ದಕ್ಕೂ, "ಬಂಡೆಪ್ಪ ಅಂಕಲ್ ಠೀಕ್ ಹೈ ನಾ?" ಎಂದು ಒಂದೇ ಮಾತು ಕೇಳುತ್ತಿದ್ದಳು. ಎರಡು ಬೆರಳು ತೆಗೆಯಬೇಕಾಯಿತು. ಬಲಗೈಯ ತೋರುಬೆರಳು ಮತ್ತು ನಡುಬೆರಳು. ಸಿನಿಮಾದ ಸದ್ದುಗಳನ್ನು ಅವಳು ಆ ಬೆರಳುಗಳಲ್ಲೇ ಸರಿಹೊಂದಿಸುತ್ತಿದ್ದಳು. ಈಗ ಎಡಗೈಯಲ್ಲಿ ಕಲಿಯುತ್ತಿದ್ದಾಳೆ. ಬಟನ್ ಹಾಕಲು ನನ್ನನ್ನು ಕರೆಯುವುದಿಲ್ಲ. ಬಾಗಿಲು ಹಾಕಿಕೊಂಡು ಹೆಣಗುತ್ತಾಳೆ. ನಾನು ಹೊರಗೆ ನಿಂತು, ಏನೂ ಗೊತ್ತಿಲ್ಲದವಳ ಹಾಗೆ, ಕಾಯುತ್ತೇನೆ.

ಮರುದಿನ ನಿಮ್ಮವರು ಬಂದರು. ಈ ಸಲ ಛತ್ರಿ ಹಿಡಿದು ಬಹಳ ಜನ ಬಂದರು. ಎಂಜಿನ್ನಿನ ಸುತ್ತ ಹಳದಿ ಪಟ್ಟಿ ಕಟ್ಟಿದರು. ಎಂಜಿನ್ನಿಗೆ ಎಲ್ಲೆಲ್ಲಿ ಪೆಟ್ಟಾಗಿದೆ ಎಂದು ಬರೆದುಕೊಂಡರು. ಕಾಶವ್ವನ ಒಲೆ, ಡಬ್ಬಿ, ಗೋಡೆ, ನನ್ನ ಮಗಳ ಬೆರಳು, ಯಾವುದೂ ಅವರ ಬರವಣಿಗೆಗೆ ಸಿಗಲಿಲ್ಲ. ಮಳೆಗಾಲದಲ್ಲಿ ಕ್ರೇನ್ ತಂದರೆ ನೆಲ ಕುಸಿಯುತ್ತದೆ, ಮಳೆ ನಿಂತ ಮೇಲೆ ಎತ್ತುತ್ತೇವೆ ಎಂದರು. ಮಳೆ ನಿಂತಿತು. ದೀಪಾವಳಿ ಬಂತು, ಚಳಿ ಬಂತು, ಬಿಸಿಲು ಬಂತು. ಆಗ ಯಾವ ನೆಲ ಕುಸಿಯುತ್ತಿತ್ತು? ನೀವು ಹೇಳುವ ನೆಲ ಯಾವುದು ಎಂಬುದೇ ನನಗೆ ಅರ್ಥವಾಗಿಲ್ಲ.

ಬೇಸಿಗೆಯಲ್ಲಿ ಬಂದವರು ಬೇರೆ. ಸಮಿತಿಯ ಹುಡುಗರು ಬಣ್ಣದ ಡಬ್ಬ ತಂದು, ಎಂಜಿನ್ನಿನ ಹೊರಗಿನ ಭಾಗಕ್ಕೆಲ್ಲ ನೀಲಿ, ಬಿಳಿ ಬಣ್ಣ ಬಳಿದರು. ಚಂದವೇ ಆಯಿತು. ಮೂಗು ಮಾತ್ರ ಉಳಿಯಿತು, ಅದು ಖೋಲಿಯೊಳಗಿದೆಯಲ್ಲ. ಕಾಶವ್ವ ಮತ್ತು ಬಂಡೆಪ್ಪ ಮಳೆಗಾಲವೆಲ್ಲ ನಮ್ಮಲ್ಲಿದ್ದು, ಅಷ್ಟರಲ್ಲಿ ಖೋಲಿಯ ಉಳಿದರ್ಧಕ್ಕೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿಕೊಂಡು ತಿರುಗಿ ಹೋಗಿದ್ದರು. ಮೂಗಿಗೆ ಬಣ್ಣ ಹಚ್ಚಲು ಒಳಗೆ ಬರಬಹುದೇ ಎಂದು ಹುಡುಗರು ಬಹಳ ವಿನಯದಿಂದ ಕೇಳಿದರು. ಕಾಶವ್ವ ತಾಡಪತ್ರಿ ಸರಿಸಿ ದಾರಿ ಬಿಟ್ಟಳು. ಅವರಿಗೆ ಚಹಾವನ್ನೂ ಕೊಟ್ಟಳು. ಅವರು ಹೋದ ಮೇಲೆ ನನ್ನ ಹತ್ತಿರ ಬಂದು ಕೂತಳು.

"ಬಣ್ಣಾ ಹಚ್ಚಾಕ ಬರ್ತಾರ್ರಿ ಅಕ್ಕೋರ, ಎತ್ತಾಕ ಯಾರೂ ಬರವಲ್ಲರು" ಎಂದಳು. "ನಮ್ಮವರು ಊರಿಗೆ ಹೋಗೂಣು ಅಂತಾರ. ಹೋಗಿ ಏನ್ ಮಾಡೂದ್ರಿ? ಅಲ್ಲಿ ನಮಗ ಒಂದ್ ಗೋಡೀನೂ ಇಲ್ಲ. ಇಲ್ಲಿ ಮೂರರ ಅದಾವ."

ಮಾನ್ಯರೇ, ಉಳಿಸಬೇಕೋ ಒಡೆಯಬೇಕೋ ಎಂಬುದು ನಿಮ್ಮ ಪರಿಶೀಲನೆಯಲ್ಲಿರುವ ವಿಷಯವಂತೆ. ನಮ್ಮ ಖೋಲಿಯಲ್ಲೂ ಅದೇ ಪರಿಶೀಲನೆ ನಡೆದಿದೆ. ನನ್ನ ಮಾತು ಸ್ಪಷ್ಟ: ಅದನ್ನು ಒಡೆಯಿರಿ. ಅದರ ಕೊನೆಯ ಬೋಲ್ಟು ಲಾರಿ ಹತ್ತಿ ಹೋಗುವುದನ್ನು ನಾನು ಕಣ್ಣಾರೆ ನೋಡಬೇಕು. ಆದರೆ ಎರಡು ಬೆರಳು ಕಳೆದುಕೊಂಡವಳು ನಾನಲ್ಲ, ನನ್ನ ಮಗಳು. ಅವಳು ಇವತ್ತಿಗೂ ಉಳಿಸಿ ಎನ್ನುತ್ತಾಳೆ. ಸಿಟ್ಟಿನಿಂದ ನಾನೊಮ್ಮೆ, "ನಿನ್ನ ಕೈ ತಿಂದ ರಾಕ್ಷಸನಿಗೆ ಮ್ಯೂಸಿಯಂ ಬೇಕಾ?" ಎಂದು ಕೇಳಿಯೇಬಿಟ್ಟೆ.

"ಅದರ ತಪ್ಪೇನಮ್ಮ?" ಎಂದಳು. "ಬ್ರೇಕ್ ಅದು ತೆಗೆದದ್ದಾ? ಸ್ಲೋಪ್‌ನಲ್ಲಿ ಅದೇ ಬಂದು ನಿಂತದ್ದಾ? ಇಷ್ಟು ವರ್ಷ ಲಾಖೋಂ ಲೋಗ್‌ನ ಊರಿಗೆ ಮುಟ್ಟಿಸ್ತು. ಹಾಗೆ ಬಿಟ್ಟದ್ದು ಇವರು. ಅದಕ್ಕೆ ಯಾಕೆ ಬೈತಿ, ಇವರಿಗೆ ಬೈ."

ಸಮಿತಿಯ ಸಭೆಯಲ್ಲೂ ಅವಳು ಇದನ್ನೇ ಹೇಳಿದಳಂತೆ. ಮೊದಲು ಎಂಜಿನ್ನನ್ನು ಚಾಳಿನಿಂದ ತೆಗೆಸಿ, ಆಮೇಲೆ ಬಣ್ಣ ಹಚ್ಚಿ ಎಂದಳಂತೆ. ಈ ಮಾತು ಪತ್ರಿಕೆಗೆ ಹೋದರೆ ಸಂರಕ್ಷಣೆಗೇ ಕೆಟ್ಟ ಹೆಸರು ಬರುತ್ತದೆ, ಸ್ವಲ್ಪ ತಡೆದುಕೊ ಎಂದರಂತೆ ಉಳಿದವರು. ಅವಳು ಅಲ್ಲಿಂದ ಎದ್ದು ಬಂದಳು. ಹಾಗಾಗಿ ಈಗ ಅವಳು ಸಮಿತಿಯಲ್ಲಿಲ್ಲ. ಎಂಜಿನ್ನಿನ ಪರವಾಗಿ ಮಾತಾಡುವವಳು ಈ ಚಾಳಿನಲ್ಲಿ ಇನ್ನೂ ಅವಳೊಬ್ಬಳೇ.

ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಪ್ರೀತಿಯಿಂದ ಉಳಿಸುವುದಾದರೆ ಉಳಿಸುವ ಕೆಲಸ ಮಾಡಬೇಕು: ಸಮತಟ್ಟಾದ ನೆಲ, ಗಟ್ಟಿ ಬ್ರೇಕು, ನೋಡಿಕೊಳ್ಳಲು ಒಬ್ಬ ಮನುಷ್ಯ. ಒಡೆಯುವುದಾದರೆ ಒಡೆಯುವ ಕೆಲಸ ಮಾಡಬೇಕು, ಅದೂ ಜನರ ಒಲೆಯ ಪಕ್ಕದಲ್ಲಿ ಅಲ್ಲ. ಈಗಲೂ ಅದರ ಹೊಟ್ಟೆಯಿಂದ ಎಣ್ಣೆ ಒಸರುತ್ತಿದೆ; ಇಲ್ಲೇ ಬೆಂಕಿ ಹಿಡಿದು ಕತ್ತರಿಸಲು ಹೊರಟರೆ ಏನಾದೀತೆಂದು ಯೋಚಿಸಲೂ ನನಗೆ ಧೈರ್ಯವಿಲ್ಲ. ನೀವು ಎರಡನ್ನೂ ಮಾಡಲಿಲ್ಲ. ಅರ್ಧ ಬಿಚ್ಚಿದಿರಿ, ಅರ್ಧ ಉಳಿಸಿದಿರಿ, ಆ ಎರಡು ಅರ್ಧಗಳ ನಡುವೆ ನಮ್ಮನ್ನು ಮಲಗಿಸಿದಿರಿ.

ನಿನ್ನೆ ಸಂಜೆ ಈ ವರ್ಷದ ಮೊದಲ ಮಳೆ ಬಿತ್ತು. ದೊಡ್ಡ ಮಳೆಯಲ್ಲ, ಧೂಳು ಅಡಗಿಸುವಷ್ಟು. ಮಕ್ಕಳು ಕುಣಿದರು. ಸ್ವಲ್ಪ ಹೊತ್ತಿಗೆ ಕೊನೆಯ ಖೋಲಿಯ ಕಡೆಯಿಂದ ಒಂದು ಸದ್ದು ಬಂತು, ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಾಯಿಸಿದ ಹಾಗೆ. ಎಂಜಿನ್ನು ಕೆಸರಿನಲ್ಲಿ ಇನ್ನಷ್ಟು ಕೂತಿತ್ತು. ಹಿಂದಿಗಿಂತ ಹೆಚ್ಚು ವಾಲಿಕೊಂಡಿತ್ತು. ವಾಲಿದ್ದು ಉಳಿದ ಖೋಲಿಗಳ ಕಡೆಗೆ. ಯಾರೂ ಕೂಗಲಿಲ್ಲ. ಎಲ್ಲರೂ ಹೊರಗೆ ಬಂದರು. ಬಂಡೆಪ್ಪ ಕುಂಟುತ್ತ ಬಂದ. ಕಾಶವ್ವ ಉರಿಯುತ್ತಿದ್ದ ಸ್ಟವ್ ಆರಿಸಿ ಬಂದಳು. ನಿಶ್ಮಿತಾ ಒಂದೊಂದು ಬಾಗಿಲಿಗೂ ಹೋಗಿ ಒಳಗೆ ಮುದುಕರು ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಿ ಬಂದಳು. ಆಮೇಲೆ ನಾವೆಲ್ಲ ಗಟಾರದ ಅಂಚಿನಲ್ಲಿ ಸಾಲಾಗಿ ನಿಂತೆವು.

ಮಳೆ ಜೋರಾಯಿತು. ಎದುರಿಗೇ ನಮ್ಮ ಮನೆಗಳಿದ್ದವು, ಬಾಗಿಲು ತೆರೆದಿತ್ತು, ದೀಪ ಉರಿಯುತ್ತಿತ್ತು, ಒಳಗೆ ನೆಲ ಒಣಗಿತ್ತು. ಒಬ್ಬರೂ ಒಳಗೆ ಹೋಗಲಿಲ್ಲ. ಮಗುವನ್ನು ಎತ್ತಿಕೊಂಡಿದ್ದ ನೆರೆಮನೆಯ ಸೇವಂತಿ, "ಟೀಚರ್, ಈಗ ಹೋಗಬಹುದಾ?" ಎಂದು ನನ್ನನ್ನು ಕೇಳಿದಳು. ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ನಾನು. ಈ ಸಲ ಮಗುವಿನ ತಲೆಗೆ ನನ್ನ ಸೆರಗು ಹೊದಿಸಿದೆ, ಅಷ್ಟೇ.

ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ನಮ್ಮ ಬೇಡಿಕೆ ಇಷ್ಟು: ಮುಂಗಾರು ಹಿಡಿಯುವ ಮೊದಲು ಆ ಎಂಜಿನ್ನನ್ನು ಎತ್ತಿಸಿ ನಮ್ಮ ಚಾಳಿನಿಂದ ದೂರ ಒಯ್ಯಿರಿ. ಎತ್ತುವ ದಿನ ನಮಗೆ ಇರಲು ಜಾಗ ತೋರಿಸಿ, ಎತ್ತಿದ ಮೇಲೆ ಕಾಶವ್ವನಿಗೆ ಅವಳ ಗೋಡೆ ಕಟ್ಟಿಸಿಕೊಡಿ. ಆಮೇಲೆ ಅದನ್ನು ಪೂಜಿಸಿ, ಇಲ್ಲವೇ ಪುಡಿ ಮಾಡಿ. ನಾನೂ ನನ್ನ ಮಗಳೂ ನಮ್ಮ ಜಗಳವನ್ನು ಒಣಗಿದ ನೆಲದ ಮೇಲೆ ಕೂತು ಮುಂದುವರಿಸುತ್ತೇವೆ. ಇದು ಸಾಧ್ಯವಿಲ್ಲವೆಂದಾದರೆ, ನೀವೇ ಒಮ್ಮೆ ಬನ್ನಿ. ಮಳೆ ಬರುವಾಗ ಬನ್ನಿ. ನೋಟೀಸು ಹಚ್ಚುವವರನ್ನು ಕಳಿಸಬೇಡಿ. ನಮ್ಮ ಜೊತೆ ಗಟಾರದ ಅಂಚಿನಲ್ಲಿ ನಿಂತು, ಸೇವಂತಿಯ ಕೈಯಿಂದ ಮಗುವನ್ನು ನಿಮ್ಮ ಕೈಗೆ ತೆಗೆದುಕೊಂಡು, ಈಗ ಒಳಗೆ ಹೋಗಬಹುದು ಎಂದು ಹೇಳಿ. ಹೇಳಿ, ನೀವೇ ಮೊದಲು ಒಳಗೆ ನಡೆಯಿರಿ. ನಿಮ್ಮ ಹಿಂದೆ ನಾವು ಬರುತ್ತೇವೆ.

ಇಂತಿ,
ಸುರಕ್ಷಿತ ಅಂತರ ಎಲ್ಲೂ ಸಿಗದೆ ಮಳೆಯಲ್ಲಿ ನಿಂತಿರುವ
ಶೀಲಾವತಿ
ನಿವೃತ್ತ ಶಿಕ್ಷಕಿ, ಭಾಂಡುಪ್